ಜ್ಞಾನಭಾರತಿ ಆವರಣಕ್ಕೆ ಎಲೆಕ್ಟ್ರಿಕ್ ಶಟಲ್: ಎಷ್ಟು ಬಸ್ಸು, ಯಾವ ಮಾರ್ಗ?

ಹೊಂಗೆನೆರಳು:
ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ 1,100 ಎಕರೆಗೂ ಮಿಕ್ಕಿದ್ದು. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿಗೆ ಬಂದಾಗಿನಿಂದ ಮೈಸೂರು ರಸ್ತೆಯಲ್ಲೇ ಜ್ಞಾನಭಾರತಿ ಮೆಟ್ರೊ ನಿಲ್ದಾಣವಿದೆ. ಅಲ್ಲಿ ಇಳಿದವರು ವಿಭಾಗ, ಹಾಸ್ಟೆಲ್ ಮುಟ್ಟಲು ಒಂದು ಶಟಲ್ ಪ್ರಸ್ತಾವ ಬರೆಯುತ್ತಿದ್ದೇನೆ. ಇಡೀ ಆವರಣ ಸುತ್ತುವ ಒಂದೇ ರಿಂಗ್ ಮಾರ್ಗ, 14 ಸೀಟಿನ ಬ್ಯಾಟರಿ ಗಾಡಿಗಳು ಅಂತ ಸದ್ಯದ ಯೋಚನೆ. ಎಷ್ಟು ಗಾಡಿ ಬೇಕು ಅನ್ನುವ ಲೆಕ್ಕ ಹೇಗೆ? ಚಾರ್ಜಿಂಗ್‌ಗೆ ಏನು ಸಿದ್ಧತೆ ಬೇಕು? ತಿಳಿದವರು ಹೇಳಿ.

ಮೂರನೇಗೇರ್:
ಮೊದಲು ರಿಂಗ್ ಮಾರ್ಗ ಕೈಬಿಡಿ. ಒಂದೇ ದಿಕ್ಕಿನಲ್ಲಿ ಸುತ್ತುವ ಬಸ್ಸಿನಲ್ಲಿ ಹೋಗುವಾಗ ಎರಡು ಸ್ಟಾಪ್ ದೂರವಿದ್ದ ಜಾಗದಿಂದ ವಾಪಸು ಬರಲು ಆವರಣವಿಡೀ ಸುತ್ತಬೇಕಾಗುತ್ತದೆ. ಎರಡೇ ದಿನಕ್ಕೆ ಜನ ಆಟೊ ಹಿಡಿಯುತ್ತಾರೆ. ಮೆಟ್ರೊ, ವಿಭಾಗಗಳು, ಹಾಸ್ಟೆಲ್ ಹೀಗೆ ಒಂದೇ ಗೆರೆಯಲ್ಲಿ ಹೋಗಿ ಅದೇ ದಾರಿಯಲ್ಲಿ ಬರುವ ಮಾರ್ಗವೇ ಒಳ್ಳೆಯದು. ಸ್ಟಾಪುಗಳ ನಡುವೆ ಸುಮಾರು 400 ಮೀಟರ್ ಇರಲಿ.

ಲೆಕ್ಕ ಹೀಗೆ. ಉದಾಹರಣೆಗೆ ಮಾರ್ಗ 3 ಕಿ.ಮೀ. ಅಂದುಕೊಳ್ಳಿ, ಹೋಗಿಬರಲು 6. ಸ್ಟಾಪುಗಳನ್ನೂ ಸೇರಿಸಿ ಗಂಟೆಗೆ 15 ಕಿ.ಮೀ. ವೇಗವಾದರೆ 24 ನಿಮಿಷ. ಎರಡೂ ತುದಿಯಲ್ಲಿ 3 ನಿಮಿಷ ನಿಂತರೆ ಒಂದು ರೌಂಡಿಗೆ 30 ನಿಮಿಷ. ಈ ನಿಲುಗಡೆ ಉಳಿಸಲು ಹೋಗಬೇಡಿ. ಅದಿಲ್ಲದಿದ್ದರೆ ತಡವಾದ ಬಸ್ಸಿಗೆ ಜನ ಜಾಸ್ತಿ ಹತ್ತಿ ಅದು ಇನ್ನೂ ತಡವಾಗುತ್ತದೆ, ಹಿಂದಿನದು ಖಾಲಿ ಬಂದು ಅದರ ಬೆನ್ನಿಗೇ ನಿಲ್ಲುತ್ತದೆ.

ರೌಂಡಿನ ಸಮಯವನ್ನು ಬಸ್ಸಿನ ಸಂಖ್ಯೆಯಿಂದ ಭಾಗಿಸಿದರೆ ಬಸ್ಸುಗಳ ನಡುವಿನ ಅಂತರ: 3 ಬಸ್ಸಿದ್ದರೆ 10 ನಿಮಿಷ, 6 ಇದ್ದರೆ 5. ಈಗ 10 ಗಂಟೆಯ ಕ್ಲಾಸಿಗೆ ಮುಂಚಿನ ಅರ್ಧ ಗಂಟೆಯಲ್ಲಿ 240 ಜನ ಇಳಿದರು ಅನ್ನಿ. 9 ಮೀಟರ್ ಬಸ್ಸಿಗೆ ನಿಂತವರೂ ಸೇರಿ 40 ಜನ ಹಿಡಿದರೆ 6 ಟ್ರಿಪ್, ಅಂದರೆ 6 ಬಸ್ಸು. ಅರ್ಧ ವಿಭಾಗಗಳ ಮೊದಲ ಕ್ಲಾಸನ್ನು ಅರ್ಧ ಗಂಟೆ ಹಿಂದೆ ಹಾಕಿಸಿ, ಅಷ್ಟೇ ಜನಕ್ಕೆ 3 ಬಸ್ಸು ಸಾಕು. ಟೈಮ್‌ಟೇಬಲ್ ಸಭೆಯಲ್ಲಿ ಒಂದು ಸಹಿಯಿಂದ ಮೂರು ಬಸ್ಸು ಉಳಿಯುತ್ತದೆ. ಪ್ರಸ್ತಾವದ ಮೊದಲ ಪುಟದಲ್ಲೇ ಇದನ್ನು ಬರೆಯಿರಿ.

ಎಣಿಕೆಯನ್ನು ಮಂಗಳವಾರದಿಂದ ಗುರುವಾರದೊಳಗೆ, 15 ನಿಮಿಷಕ್ಕೊಂದು ಸಾಲಿನಂತೆ ಮಾಡಿ. ಪರೀಕ್ಷೆಯ ವಾರದ ಅಂಕಿ ಬೇಡ.

ಸರ್ಕಿಟ್ ರಾವ್:
14 ಸೀಟಿನ ಗಾಡಿ ತಗೊಂಡರೆ, ಕ್ಲಾಸು ಹಂಚಿದ ಮೇಲೆ ಅರ್ಧ ಗಂಟೆಗೆ ಬರುವ 120 ಜನಕ್ಕೇ (240ರ ಅರ್ಧ) 9 ಟ್ರಿಪ್, 9 ಡ್ರೈವರ್. ವರ್ಷ ಪೂರ್ತಿ ನೋಡಿದರೆ ಕರೆಂಟಿಗಿಂತ ಸಂಬಳದ ಖರ್ಚೇ ದೊಡ್ಡದು. ರಸ್ತೆಗೆ ನೋಂದಣಿ ಇಲ್ಲದ ಗಾಡಿಯನ್ನು ಮೈಸೂರು ರಸ್ತೆಗೆ ಇಳಿಸುವಂತೆಯೂ ಇಲ್ಲ. ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಹಾಕುವುದು ತಪ್ಪಿದರೂ, ದಿನಾ ಪೂರ್ತಿ ಇಳಿಸಿದರೂ ಬೇಗ ಸಾಯುತ್ತದೆ. ಒಳಗಿನ ಚಿಕ್ಕ ರಸ್ತೆಗಳಿಗೆ, ನಡೆಯಲಾಗದವರಿಗೆ ಒಂದೆರಡು ಇರಲಿ.

ಚಾರ್ಜಿಂಗ್: ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಬಿಡದೆ ಓಡುವ ಬಸ್ಸು 28 ರೌಂಡ್, 168 ಕಿ.ಮೀ. ಕಿ.ಮೀ.ಗೆ 1 ಯೂನಿಟ್ ಹಿಡಿಯಿರಿ, 168 ಯೂನಿಟ್. 150 ಯೂನಿಟ್ ಬ್ಯಾಟರಿಯಲ್ಲಿ ನೆಚ್ಚಿಕೊಳ್ಳಬಹುದಾದ್ದು ಶೇ 80, ಅಂದರೆ 120. ಉಳಿದದ್ದು ಮಧ್ಯಾಹ್ನ ತುಂಬಬೇಕು. 11ರಿಂದ 3ರವರೆಗೆ 15 ನಿಮಿಷಕ್ಕೊಂದು ಬಸ್ಸು ಸಾಕಾದ್ದರಿಂದ ಎರಡು ಓಡಲಿ, ಮೂರನೆಯದು ಸರದಿಯಲ್ಲಿ 60 ಕಿಲೋವ್ಯಾಟ್ ಚಾರ್ಜರ್‌ಗೆ ಒಂದು ಗಂಟೆ ನಿಲ್ಲಲಿ. ಮೂರು ಬಸ್ಸಿಗೆ ರಾತ್ರಿ ಒಂದು ಚಾರ್ಜರ್ ಸಾಲುತ್ತದೆ, ಆದರೆ ಎರಡು ಹಾಕಿ: ಒಂದು ಕೆಟ್ಟರೆ ಮರುದಿನದ ಓಡಾಟವೇ ನಿಲ್ಲುತ್ತದೆ. ಟೆಂಡರ್‌ಗೆ ಮುಂಚೆ ಬೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟು, ಟ್ರಾನ್ಸ್‌ಫಾರ್ಮರ್ ತಡೆಯುತ್ತದೆಯೇ ನೋಡಿ. ಬಸ್ಸು ಬಂದು ನಿಂತ ಮೇಲೆ ಕರೆಂಟಿಗೆ ಅರ್ಜಿ ಹಾಕುವುದೇ ಎಲ್ಲ ಕಡೆ ಆಗುವ ತಪ್ಪು.

ದಾರಿಹೋಕಿ:
ಮೂರನೇಗೇರ್ ಅವರ ಲೆಕ್ಕ ಸರಿ, ಆದರೆ ಆವರಣದ ಸ್ವಂತ ಬಸ್ಸೇ ಯಾಕೆ? ಇದನ್ನು ಬಿಎಂಟಿಸಿಯ ಸಾಮಾನ್ಯ ಮಾರ್ಗವಾಗಿ ಕೇಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ. ಏಸಿ ಬಸ್ಸು ಕೇಳಬೇಡಿ, ಅದಕ್ಕೆ ಶಕ್ತಿ ಅನ್ವಯಿಸುವುದಿಲ್ಲ. ಕೈಯಿಂದ ಹತ್ತು ರೂಪಾಯಿ ಕೊಡಬೇಕಾದ ಶಟಲ್‌ಗೆ ಹಾಸ್ಟೆಲ್ ಹುಡುಗಿಯರು ಹತ್ತುವುದಿಲ್ಲ, ನಡೆದೇ ಹೋಗುತ್ತಾರೆ.

ಇನ್ನು ರಸ್ತೆ. ನಾಗರಬಾವಿ, ಉಲ್ಲಾಳ ಕಡೆಯಿಂದ ಮೈಸೂರು ರಸ್ತೆಗೆ ಹೋಗುವ ಹೊರಗಿನ ವಾಹನಗಳು ಆವರಣದೊಳಗೇ ನುಗ್ಗುತ್ತವೆ. ಬೆಳಿಗ್ಗೆ ಅವನ್ನು ತಡೆಯದಿದ್ದರೆ 15 ಕಿ.ಮೀ. ವೇಗ ಕಾಗದದಲ್ಲೇ ಉಳಿಯುತ್ತದೆ. ಹಂಪ್ ಹಾಕುವುದಾದರೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಅಳತೆಯಂತೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಲಿ, ಚೂಪು ದಿಬ್ಬ ಬಸ್ಸಿನ ತಳ ಕೆರೆಯುತ್ತದೆ. ಸ್ಟಾಪಿನಿಂದ ವಿಭಾಗದ ಬಾಗಿಲವರೆಗೆ 1.8 ಮೀಟರ್ ಫುಟ್‌ಪಾತ್ ಎಲ್ಲೂ ತುಂಡಾಗದೆ ಇರಬೇಕು. ರಾತ್ರಿ ಲೈಬ್ರರಿ ಮುಚ್ಚಿದ ಹತ್ತು ನಿಮಿಷಕ್ಕೆ ಹಾಸ್ಟೆಲ್ ಕಡೆಗೆ ಒಂದು ಕೊನೆಯ ಬಸ್ಸು ಇಡಿ, ಆ ದಾರಿಯ ದೀಪಗಳನ್ನು ಈಗಲೇ ಎಣಿಸಿ.

ಹೊಂಗೆನೆರಳು:
ತುಂಬಾ ಉಪಕಾರವಾಯಿತು. ರಿಂಗ್ ಮಾರ್ಗ ತೆಗೆದೆ. ಮುಂದಿನ ಮಂಗಳವಾರ ಮೆಟ್ರೊ ಮೆಟ್ಟಿಲ ಬಳಿ, ಮುಖ್ಯ ಗೇಟಿನಲ್ಲಿ ಎಣಿಕೆ ಶುರು. ಅಂಕಿ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.