ನಾಣಿಯ ಲೋಗೋ ಲೆಕ್ಕ

"28 ಮಿಲಿಯನ್ ಡಾಲರ್!" ಅಂತ ನಾಣಿ ಫೋನಿನ ಕ್ಯಾಲ್ಕುಲೇಟರನ್ನ ನಮ್ಮೆಲ್ಲರ ಮೂಗಿನ ಮುಂದೆ ಒಂದು ಸುತ್ತು ಆಡಿಸಿದ. "ಶೂ ಕಂಪನಿಯೋರು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್‌ಗೆ 8 ವರ್ಷಕ್ಕೆ ಅಷ್ಟು ಕೊಡ್ತಾರೆ ಅಂತ ಸುದ್ದಿ. ನಮ್ಮ ಲೆಕ್ಕದಲ್ಲಿ 230 ಕೋಟಿ!"

"ಅವಳಿಗೆ ಕೊಟ್ರೆ ನಿನಗ್ಯಾಕೋ ಬೆವರು?" ಅಂದ ಸೀನ.

"ನಮ್ಮ ಪುಟ್ಟಿಗೆ ಈಗ 11. ಕ್ಲಾರ್ಕ್ ಅಮೆರಿಕದ ಹೆಂಗಸರ ಲೀಗು ಡಬ್ಲ್ಯೂಎನ್‌ಬಿಎಗೆ ಬಂದಾಗ 22. ಅಂದ್ರೆ ಕೈಯಲ್ಲಿ ಇನ್ನೂ 11 ವರ್ಷ ಇದೆ. ಭಾನುವಾರದಿಂದಲೇ ಶುರು ಮಾಡಿಸಿದೀನಿ. ಅರ್ಧ ಕೋರ್ಟಿಂದ ಎಸೀತಾಳೆ. ಕೋರ್ಟಿನ ನಡುವಿನ ಲೋಗೋ ಹತ್ರದಿಂದ ಮೂರು ಪಾಯಿಂಟು, ಕ್ಲಾರ್ಕ್ ಥರ ಲೋಗೋ ತ್ರೀ!"

"ರಿಂಗಿಗೆ ತಾಗುತ್ತಾ?" ಅಂದ್ರು ಪದ್ದಕ್ಕ.

"ಇನ್ನೂ ಇಲ್ಲ. ಒಂದ್ಸಲ ವಾಚ್‌ಮನ್‌ಗೆ ತಾಗ್ತು."

"ಯಾವ ನಂಬರ್ ಬಾಲು?"

"ಅದಕ್ಕೂ ನಂಬರಿದ್ಯಾ? ಅಂಗಡಿಯಲ್ಲಿ ಇದ್ದಿದ್ರಲ್ಲೇ ದೊಡ್ಡದು ತಂದೆ. ದುಡ್ಡು ಕೊಟ್ಟ ಮೇಲೆ ದೊಡ್ಡದೇ ಬರಲಿ ಅಂತ."

ಪದ್ದಕ್ಕ ಲೋಟ ಕೆಳಗಿಟ್ರು. ಅವರು ಲೋಟ ಕೆಳಗಿಟ್ರೆ ಅರ್ಧ ಗಂಟೆ ಉಳಿದವರಿಗೆ ಬಾಯಿಲ್ಲ.

"ಅದು ಗಂಡಸರ 7ನೇ ನಂಬರು ಕಣೋ. ಹೆಂಗಸರ ಲೀಗಲ್ಲಿ ಆಡೋದೇ 6. ನಿನ್ನ ಮಗಳ ವಯಸ್ಸಿಗೆ 5. ಅಷ್ಟು ಭಾರದ ಬಾಲನ್ನ ಆ ಮಗು ಹೇಗೆ ಎಸೀಬೇಕು? ಸೊಂಟದಿಂದ ಎರಡೂ ಕೈಲಿ ಎತ್ತಿ, ಮೊಣಕೈ ಆಚೆ ಹೋಗಿ, ಮೈ ತಿರುಚಿ ಎಸೀತಾಳೆ. ಹಾಗೆ ಎಸೆದೂ ಎಸೆದೂ ಅದೇ ರೂಢಿಯಾಗುತ್ತೆ. ಆಮೇಲೆ ಕೋಚು ಅದನ್ನ ಬಿಡಿಸೋಕೆ ಎರಡು ವರ್ಷ ತಗೋತಾನೆ. ನೀನು ರೀಲ್ಸ್ ನೋಡಿ ಕಲಿಸಿದ್ದು, ಅವನು ಸಂಬಳ ತಗೊಂಡು ಮರೆಸೋದು."

"ಮತ್ತೆ ಕ್ಲಾರ್ಕು ಅಷ್ಟು ದೂರದಿಂದ..."

"ಕ್ಲಾರ್ಕು ಕಾಲೇಜಲ್ಲಿ 3,951 ಪಾಯಿಂಟ್ ಹೊಡೆದಳು, ಗಂಡಸರ ದಾಖಲೆಯೂ ಮುರೀತು. ಆದ್ರೆ ಅದರಲ್ಲಿ ರಿಂಗಿನ ಬುಡಕ್ಕೇ ಓಡಿ ಹಾಕೋ ಲೇಅಪ್ಪು, ಫೌಲಾದಾಗ ಸಿಗೋ ಫ್ರೀ ಥ್ರೋ ಎಷ್ಟಿವೆ ಅಂತ ಯಾವ ರೀಲೂ ಹೇಳಲ್ಲ. ಲೀಗಿಗೆ ಬಂದ ವರ್ಷ ಒಂದೇ ಆಟದಲ್ಲಿ 19 ಅಸಿಸ್ಟ್ ಕೊಟ್ಟಳು. ಅಂದ್ರೆ 19 ಸಲ ಅವಳು ಬಾಲು ಕೊಟ್ಟಳು, ಬೇರೆಯವರು ಹಾಕಿದ್ರು. ಅದನ್ನ ಸ್ಲೋ ಮೋಷನ್ನಲ್ಲಿ ಯಾರು ತೋರಿಸ್ತಾರೆ? ಎಲ್ಲರಿಗೂ ಸೆಂಟರ್ ಸರ್ಕಲ್ಲಿಂದ ಹೊಡೆಯೋದೇ ಬೇಕು. ತ್ರೀ ಪಾಯಿಂಟ್ ಗೆರೆ ಇರೋದು 6.75 ಮೀಟರಿಗೆ. ಮಗು ಮೊದಲು ರಿಂಗಿನ ಮುಂದೆ ಐದಡಿ ದೂರದಲ್ಲಿ ನಿಲ್ಲಲಿ. 5ನೇ ನಂಬರ್ ಬಾಲು, ಒಂದೇ ಕೈ, ಮೊಣಕೈ ರಿಂಗಿನ ನೇರಕ್ಕೆ. ಹತ್ತಕ್ಕೆ ಏಳು ಬಿದ್ರೆ ಒಂದು ಹೆಜ್ಜೆ ಹಿಂದೆ. ಬೀಳಲಿಲ್ವಾ, ಅಲ್ಲೇ ನಿಂತಿರಲಿ. ಎಡಗೈಲಿ ಲೇಅಪ್ ಬರೋ ತನಕ ಲೋಗೋ ಕಡೆ ತಿರುಗಿಯೂ ನೋಡಬಾರದು."

"ಈ ವೇಗದಲ್ಲಿ 230 ಕೋಟಿ ಯಾವಾಗ ಬರುತ್ತೆ?" ನಾಣಿ ಮತ್ತೆ ಕ್ಯಾಲ್ಕುಲೇಟರ್ ತೆಗೆದ.

"ಆ ಕೋಟಿ ಶೂನೋರದ್ದು, ಒಬ್ಬಳಿಗೆ. 2024ರಲ್ಲಿ ಲೀಗು ಅವಳಿಗೆ ಕೊಟ್ಟಿದ್ದು 76,535 ಡಾಲರು. ಅದೂ ಹೊಸ ಹುಡುಗೀರನ್ನ ತಂಡಗಳು ಸರದಿಯಲ್ಲಿ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ ಮೊಟ್ಟಮೊದಲ ಆಯ್ಕೆ ಅಂತ."

ನಾಣಿ ಒತ್ತಿದ. "64 ಲಕ್ಷ! ನಮ್ಮ ಮೂರನೇ ಮಹಡಿ ಸಾಫ್ಟ್‌ವೇರ್ ಹುಡುಗಂಗೆ ಇದಕ್ಕಿಂತ ಜಾಸ್ತಿ ಪ್ಯಾಕೇಜಪ್ಪ. ಅವನು ಕುರ್ಚಿಯಿಂದ ಏಳೋದೂ ಇಲ್ಲ."

"ಆ 64ಕ್ಕಾದ್ರೂ ಎಷ್ಟು ಜನ ಕಾಯ್ತಾರೆ ಗೊತ್ತಾ? ಅಮೆರಿಕದ ಕಾಲೇಜುಗಳ ಮೊದಲ ದರ್ಜೆಯಲ್ಲೇ 350ಕ್ಕೂ ಹೆಚ್ಚು ಹೆಂಗಸರ ತಂಡ. 2024ರ ಡ್ರಾಫ್ಟಲ್ಲಿ ಕೂಗಿದ್ದು 36 ಹೆಸರು. ಲೀಗಲ್ಲಿದ್ದದ್ದು 12 ತಂಡ, ತಂಡಕ್ಕೆ ಹೆಚ್ಚೆಂದ್ರೆ 12 ಜನ. ಇರೋರು ಜಾಗ ಬಿಟ್ರೆ ತಾನೇ? ಟಿವಿಯಲ್ಲಿ ಹೆಸರು ಕೂಗಿಸ್ಕೊಂಡ ಎಷ್ಟೋ ಹುಡುಗೀರು ಮೇ ತಿಂಗಳಲ್ಲಿ ಪೆಟ್ಟಿಗೆ ಕಟ್ಟಿ ಮನೆಗೆ ಬರ್ತಾರೆ."

"ಸೀಟಿಗಿಂತ ಕಟಾಫ್ ಕಷ್ಟ," ಅಂದ್ರು ಮೇಷ್ಟ್ರು. ಅವರಿಗೆ ಜಗತ್ತೆಲ್ಲ ಸಿಇಟಿ.

"ಉಳಿದೋರ ಕಥೆ ಕೇಳಿ ಮೇಷ್ಟ್ರೇ. ಡಯಾನಾ ತೌರಾಸಿ. ಕ್ಯಾಲಿಫೋರ್ನಿಯಾದ ಚೀನೋ ಅನ್ನೋ ಊರಲ್ಲಿ ಬೆಳೆದವಳು, ಅಪ್ಪ ಅಮ್ಮ ಅರ್ಜೆಂಟೀನಾದಿಂದ ಬಂದೋರು. ಕನೆಕ್ಟಿಕಟ್ ಕಾಲೇಜಿಗೆ ಸೇರಿದ ಮೊದಲ ವರ್ಷ, 2001ರ ಸೆಮಿಫೈನಲ್ಲಲ್ಲಿ 15 ಸಲ ಎಸೆದು ಒಂದೇ ಒಂದು ಹಾಕಿದಳು."

"ನಮ್ಮ ಪುಟ್ಟಿ ಥರ!" ನಾಣಿಯ ಮುಖ ಅರಳಿತು.

"ಹೂಂ. ಆಮೇಲೆ ಮೂರು ವರ್ಷ ಸತತ ಚಾಂಪಿಯನ್. ಗುಟ್ಟೇನು ಅಂತ ಕೇಳಿದ್ರೆ ಅವರ ಕೋಚು ಜೀನೋ ಔರಿಯೆಮ್ಮ, ನಮ್ಮಲ್ಲಿ ಡಯಾನಾ ಇದ್ದಾಳೆ, ನಿಮ್ಮಲ್ಲಿಲ್ಲ ಅನ್ನೋನು. 2004ರಲ್ಲಿ ಫೀನಿಕ್ಸ್ ಮರ್ಕ್ಯುರಿ ಮೊದಲ ಆಯ್ಕೆಯಾಗಿ ತಗೊಂಡಿತು. ಸಂಬಳ 40 ಸಾವಿರ ಡಾಲರ್ ಆಸುಪಾಸು."

ಟಪಟಪ. "ಅವತ್ತಿನ ರೇಟಲ್ಲಿ 18 ಲಕ್ಷ," ಅಂದ ನಾಣಿ. ಧ್ವನಿ ಇಳಿದಿತ್ತು.

"ಅದಕ್ಕೇ ಅವರಿಗೆ ವರ್ಷಕ್ಕೆ ಎರಡು ಕೆಲಸ. ಮೇಯಿಂದ ಸೆಪ್ಟೆಂಬರ್ ತನಕ ಫೀನಿಕ್ಸ್, ನಲವತ್ತು ಡಿಗ್ರಿ ಸೆಕೆ. ಅಕ್ಟೋಬರಿಂದ ಏಪ್ರಿಲ್ ತನಕ ಮಾಸ್ಕೋ, ಹಿಮ. ಅಲ್ಲಿ ತೌರಾಸಿ ಆಡ್ತಿದ್ದ ಸ್ಪಾರ್ಟಕ್ ತಂಡದ ಮಾಲೀಕ ಶಬ್ತಾಯ್ ಕಲ್ಮನೋವಿಚ್ ದುಡ್ಡು ಸುರಿಯೋನು. ಅಮೆರಿಕದಲ್ಲಿ ಎಲ್ಲರ ಜೊತೆ ಮಾಮೂಲಿ ವಿಮಾನದಲ್ಲಿ ಮಂಡಿ ಮಡಿಸ್ಕೊಂಡು ಕೂರೋರು, ರಷ್ಯಾದಲ್ಲಿ ಮಹಾರಾಣಿಯರು. 2009ರ ನವೆಂಬರಲ್ಲಿ ಅವನನ್ನ ಮಾಸ್ಕೋ ಬೀದಿಯಲ್ಲೇ ಗುಂಡಿಟ್ಟು ಕೊಂದರು. ಆ ಋತುವಲ್ಲೂ ಇವರು ಯೂರೋಪಿನ ಕ್ಲಬ್‌ಗಳ ಯೂರೋಲೀಗ್ ಗೆದ್ದರು."

"ಇದರಲ್ಲಿ ಪಿಎಫ್ ಇರುತ್ತಾ?" ಅಂದ ಸೀನ.

"ಮುಂದಿನ ವರ್ಷ ತೌರಾಸಿ ಟರ್ಕಿಗೆ ಹೋದಳು. ಅಲ್ಲಿನ ಪ್ರಯೋಗಾಲಯ ನಿಷೇಧಿತ ಮದ್ದು ತಿಂದಿದಾಳೆ ಅಂತ ವರದಿ ಕೊಟ್ಟಿತು. ಗುತ್ತಿಗೆ ಹೋಯ್ತು, ಮಾನ ಹೋಯ್ತು. ಎರಡು ತಿಂಗಳಾದ ಮೇಲೆ, ನಮ್ಮದೇ ತಪ್ಪು ಅಂತ ವರದಿ ವಾಪಸ್ ತಗೊಂಡರು. ಇನ್ನು ಲೆಕ್ಕ ಬೇಕಾ ನಾಣಿ? 2015. ಅಮೆರಿಕದ ಲೀಗಲ್ಲಿ ಅವಳಿಗೆ ಸಿಗೋದು 1 ಲಕ್ಷ 7 ಸಾವಿರ ಡಾಲರು. ಯೆಕಟೆರಿನ್‌ಬರ್ಗಿನ ರಷ್ಯನ್ ತಂಡ ಸುಮಾರು 15 ಲಕ್ಷ ಡಾಲರ್ ಕೊಡ್ತಿತ್ತು. ಅದರ ಮೇಲೆ, ಈ ಬೇಸಿಗೆ ಅಲ್ಲಿ ಆಡಬೇಡಮ್ಮ, ಆ ದುಡ್ಡೂ ನಾವೇ ಕೊಡ್ತೀವಿ, ಮನೇಲಿ ಮಲ್ಕೋ ಅಂದಿತು."

ನಾಣಿ ಕ್ಯಾಲ್ಕುಲೇಟರ್ ಒತ್ತೋದು ಮರೆತ. "ಮಲಗೋಕೆ ಸಂಬಳ? ಪುಟ್ಟಿಗೆ ಇದು ಸರಿ ಹೋಗುತ್ತೆ. ಅದರಲ್ಲಿ ನನ್ನನ್ನೇ ಹೋಲ್ತಾಳೆ."

"ಹತ್ತು ವರ್ಷ ಬಿಡುವಿಲ್ದೆ ಆಡಿದ ಮಂಡಿಗೆ ಕೊಟ್ಟ ರಜ ಕಣೋ ಅದು. ಆ ಮಂಡಿ ವಿಷಯ ಕೇಳು, ಇದು ನಿನಗೆ ಕೋಟಿಗಿಂತ ಮುಖ್ಯ. ಮಂಡಿಯೊಳಗಿನ ಎಸಿಎಲ್ ಅನ್ನೋ ಪಟ್ಟಿ ಹುಡುಗರಿಗಿಂತ ಹುಡುಗೀರಿಗೆ ಎಷ್ಟೋ ಪಟ್ಟು ಜಾಸ್ತಿ ಹರಿಯುತ್ತೆ. ಹೆಚ್ಚಿನ ಸಲ ಯಾರೂ ಡಿಕ್ಕಿ ಹೊಡೆದಿರಲ್ಲ. ರಿಂಗಿಗೆ ಬಡಿದು ವಾಪಸ್ ಬರೋ ಬಾಲಿಗೆ ನೆಗೆದು ಒಂಟಿ ಕಾಲಲ್ಲಿ ಇಳೀವಾಗ ಮಂಡಿ ಒಳಕ್ಕೆ ವಾಲಿದ್ರೆ ಟಪ್ ಅನ್ನುತ್ತೆ. ಆಪರೇಷನ್ನು, ಒಂಬತ್ತು ತಿಂಗಳಿಂದ ವರ್ಷ ಮನೇಲಿ. ಪೇಜ್ ಬೆಕರ್ಸ್ ಅಂತ ಹುಡುಗಿ, 2022ರ ಬೇಸಿಗೆಯಲ್ಲಿ ಹರೀತು, ಕಾಲೇಜಿನ ಪೂರ್ತಿ ಒಂದು ಋತು ಬೆಂಚು. 2025ರಲ್ಲಿ ಅವಳೇ ಡ್ರಾಫ್ಟಿನ ಮೊದಲ ಆಯ್ಕೆ ಅನ್ನು. ಅದಕ್ಕೆ ಪುಟ್ಟಿಗೆ ಎಸೆಯೋದಕ್ಕೆ ಮುಂಚೆ ಇಳಿಯೋದು ಕಲಿಸು. ಒಂದಡಿ ಎತ್ತರದ ಮೆಟ್ಟಿಲಿಂದ ಎರಡೂ ಕಾಲಲ್ಲಿ ಧುಮುಕಲಿ. ಸದ್ದಾಗಬಾರದು, ಮಂಡಿ ಬಗ್ಗಿರಬೇಕು, ಕಾಲ್ಬೆರಳಿನ ನೇರಕ್ಕಿರಬೇಕು. ಎದುರಿಂದ ನಿನ್ನ ಫೋನಲ್ಲಿ ವಿಡಿಯೋ ತೆಗಿ. ಎರಡು ಮಂಡಿ ಒಂದಕ್ಕೊಂದು ಹತ್ತಿರ ಬಂದ್ರೆ ಅವತ್ತು ಆಟ ಬೇಡ, ಸ್ಕ್ವಾಟ್ ಮಾಡಿಸು. ಆ ಫೋನಿಂದ ಅಷ್ಟಾದ್ರೂ ಉಪಕಾರ ಆಗಲಿ."

"ಮೆಟ್ಟಿಲಿಂದ ಧುಮುಕೋ ರೀಲಿಗೆ ಯಾರು ಲೈಕ್ ಕೊಡ್ತಾರೆ ಪದ್ದಕ್ಕ?"

"ಕೊಡೋದು ಬೇಡ. 2023ರ ಆಗಸ್ಟಲ್ಲಿ ತೌರಾಸಿ ಲೀಗಲ್ಲಿ 10,000 ಪಾಯಿಂಟ್ ದಾಟಿದ ಮೊದಲನೆಯವಳಾದಳು. ಅವತ್ತೊಂದೇ ರಾತ್ರಿ 42 ಹೊಡೆದಳು, ವಯಸ್ಸು 41. ಆರು ಒಲಿಂಪಿಕ್ಸು, ಆರಕ್ಕಾರೂ ಚಿನ್ನ. 2025ರಲ್ಲಿ ಬಿಟ್ಟಾಗ 10,646. ಆ ಮಂಡಿ ಅಷ್ಟು ದಿನ ಬಂತು."

"ರೆಫ್ರಿ ಜೊತೆ ಜಗಳವೂ ಆಡ್ತಿದ್ದಳಂತಲ್ಲ?" ಅಂದ್ರು ಮೇಷ್ಟ್ರು.

"ಟೆಕ್ನಿಕಲ್ ಫೌಲಲ್ಲೂ ಲೀಗಿಗೇ ಅವಳೇ ಮೊದಲು. ಆ ವಿಭಾಗದಲ್ಲಿ ಪುಟ್ಟಿಗೆ ಈಗಲೇ ಅವಕಾಶ ಇದೆ, ಅವರಪ್ಪನ ಬಾಯಿ ಬಂದಿದ್ರೆ."

ನಾವೆಲ್ಲ ನಕ್ಕೆವು. ನಾಣಿಯೂ ನಕ್ಕ, ಆದ್ರೆ ಬಿಡಲಿಲ್ಲ. "ಆಯ್ತು, ಅಮೆರಿಕ ಬೇಡ, ನೇರ ರಷ್ಯಾಗೇ ಕಳಿಸ್ತೀನಿ. 15 ಲಕ್ಷ ಡಾಲರು."

ಪದ್ದಕ್ಕ ತಕ್ಷಣ ಮಾತಾಡಲಿಲ್ಲ. "ಹಾಗೆ ಹೋದವಳೇ ಬ್ರಿಟ್ನಿ ಗ್ರೈನರ್. ಫೀನಿಕ್ಸಲ್ಲೂ ಯೆಕಟೆರಿನ್‌ಬರ್ಗಲ್ಲೂ ತೌರಾಸಿ ಜೊತೆ ಆಡಿದೋಳು. ಅಷ್ಟೊತ್ತಿಗೆ ಒಲಿಂಪಿಕ್ ಚಿನ್ನ ಎರಡು ಸಲ ಗೆದ್ದಿದ್ದಳು, ಆದ್ರೂ ಚಳಿಗಾಲದ ಸಂಬಳಕ್ಕೆ ಅಲ್ಲಿಗೇ ಹೋಗಬೇಕಿತ್ತು. 2022ರ ಫೆಬ್ರವರಿ, ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯಲ್ಲಿ ಗಾಂಜಾ ಎಣ್ಣೆ ಸಿಕ್ಕಿತು ಅಂತ ಹಿಡಿದರು. 9 ವರ್ಷ ಶಿಕ್ಷೆ. ಡಿಸೆಂಬರಲ್ಲಿ ಶಸ್ತ್ರ ವ್ಯಾಪಾರಿ ಒಬ್ಬನನ್ನ ಬಿಟ್ಟು ಅವಳನ್ನ ಬಿಡಿಸ್ಕೊಂಡು ಬಂದರು. ಮನೆ ಹತ್ರಾನೇ ಹೊಟ್ಟೆ ತುಂಬೋ ಹಾಗಿದ್ರೆ ಆ ಪೆಟ್ಟಿಗೆ ಅಲ್ಲಿಗೆ ಯಾಕೆ ಹೋಗ್ತಿತ್ತು?"

ಯಾರೂ ಏನೂ ಅನ್ನಲಿಲ್ಲ. ಸೀನ ಉಳಿದಿದ್ದ ಬೋಂಡಾ ತಟ್ಟೆಯನ್ನ ನಾಣಿ ಕಡೆ ಸರಿಸಿದ.

"ಈಗ ಪರವಾಗಿಲ್ವಂತೆ?" ಮೇಷ್ಟ್ರು ಕೇಳಿದರು.

"ಸುಧಾರಿಸ್ತಿದೆ. 2024ರಿಂದ ಲೀಗಿಗೇ ಚಾರ್ಟರ್ ವಿಮಾನ. 2018ರಲ್ಲಿ ಲಾಸ್ ವೇಗಸ್ ತಂಡ ಇಪ್ಪತ್ತೈದು ಗಂಟೆ ವಿಮಾನ ನಿಲ್ದಾಣ ಸುತ್ತಿ, ಆಡೋ ಶಕ್ತಿ ಇಲ್ಲ ಅಂತ ಆಟವನ್ನೇ ಬಿಟ್ಟುಕೊಟ್ಟಿತ್ತು. 2025ರಿಂದ ಚಳಿಗಾಲಕ್ಕೆ ಮಯಾಮಿಯಲ್ಲೇ ಮೂರು ಮೂರು ಜನರ ಲೀಗು, ಆಟಗಾರ್ತಿಯರೇ ಕಟ್ಟಿದ್ದು. ಕ್ಲಾರ್ಕ್ ಬಂದ ಮೇಲೆ ಜನವೂ ನೋಡ್ತಾರೆ. 2024ರ ಕಾಲೇಜು ಫೈನಲ್ಲು, ಗಂಡಸರದಕ್ಕಿಂತ ಹೆಂಗಸರದನ್ನೇ ಹೆಚ್ಚು ಜನ ಟಿವಿಯಲ್ಲಿ ನೋಡಿದ್ದು. ನನ್ನ ಜಗಳ ಅವಳ ಜೊತೆ ಅಲ್ಲಪ್ಪ, ಅವಳ ಮೂವತ್ತು ಸೆಕೆಂಡಿನ ರೀಲಿನ ಜೊತೆ."

"ನಮ್ಮಲ್ಲೂ ಹೀಗೆ ಜನ ನೋಡೋ ಹಾಗಾದ್ರೆ," ಅಂದ ನಾಣಿ.

"ನಮ್ಮಲ್ಲಿ ಆಡಿಲ್ವಾ? 2017ರ ಜುಲೈ, ಹೆಂಗಸರ ಏಷ್ಯಾ ಕಪ್ ನಡೆದಿದ್ದು ಇದೇ ಬೆಂಗಳೂರಲ್ಲಿ. ಜಪಾನು, ಆಸ್ಟ್ರೇಲಿಯಾ, ಚೀನಾ ಎಲ್ಲ ಇಲ್ಲಿಗೇ ಬಂದಿದ್ರು. ನಮ್ಮ ಹುಡುಗೀರು ಬಿ ವಿಭಾಗದ ಫೈನಲ್ಲಲ್ಲಿ ಕಜಾಕಿಸ್ತಾನವನ್ನ 75-73ರಲ್ಲಿ ಸೋಲಿಸಿ ಕಪ್ ಎತ್ತಿದ್ರು. ಎರಡೇ ಪಾಯಿಂಟು! ನೀವೆಲ್ಲ ಎಲ್ಲಿದ್ರಿ?"

ಮೇಷ್ಟ್ರು ಕನ್ನಡಕ ಒರೆಸಿದರು. ಸೀನ ಬೋಂಡಾ ಕಡೆ ನೋಡಿದ.

"ಟಿಕೆಟ್ ಎಷ್ಟಿತ್ತು?" ಅಂದ ನಾಣಿ, ಕ್ಯಾಲ್ಕುಲೇಟರ್ ತೆಗೆದು.