ಸಹಾಯ ಬೇಕು: ಹಳೇ ಕ್ಯಾರವಾನ್‌ನ ಗ್ಯಾಸ್ ಫ್ರಿಜ್ ತಣ್ಣಗಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ಹೋದ ವರ್ಷ 1970ರ ದಶಕದ ಒಂದು ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ) ತಗೊಂಡೆವು. ಅದರ ಫ್ರಿಜ್‌ಗೆ ಕಂಪ್ರೆಸರ್ ಇಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ತುಂಬಿದ ಕೊಳವೆಗಳಿವೆ. ಕೆಳಗೆ ಪುಟ್ಟ ಉರಿ ಹಚ್ಚಿದರೆ ಒಳಗೆ ತಣ್ಣಗಾಗುತ್ತದೆ, ಸದ್ದೇ ಇಲ್ಲ. ಇಂಥದ್ದನ್ನು ಕಿತ್ತು ಹೊಸದು ಹಾಕಲು ನನಗೆ ಮನಸ್ಸಿಲ್ಲ.

230 ವೋಲ್ಟ್ ಕರೆಂಟಿಗೆ ಹಾಕಿದರೆ ಆರೇಳು ಗಂಟೆಯಲ್ಲಿ ಚೆನ್ನಾಗಿ ತಣ್ಣಗಾಗುತ್ತದೆ. ಅಮೋನಿಯಾ ವಾಸನೆ ಇಲ್ಲ, ಕೊಳವೆ ಮೇಲೆ ಹಳದಿ ಕಲೆಯೂ ಇಲ್ಲ. ಅಂದರೆ ಕೊಳವೆಗಳು ಸರಿಯಾಗಿವೆ ಅಲ್ವಾ? ಗ್ಯಾಸಿಗೆ ಹಾಕಿದಾಗ ಮಾತ್ರ ತೊಂದರೆ. ನೀಲಿ ಇರಬೇಕಾದ ಉರಿ ಹಳದಿಯಾಗಿ ಬಳುಕುತ್ತದೆ. ನಿನ್ನೆ ಹೊಗೆ ಕೊಳವೆ ಬಿಚ್ಚಿದೆ. ಹಿಡಿ ತುಂಬ ಮಸಿ! ತುಕ್ಕಿನ ಚೂರುಗಳು ಬರ್ನರ್ ಮೇಲೇ ಬಿದ್ದಿದ್ದವು. ಎಲ್ಲ ಉಜ್ಜಿ ತೆಗೆದೆ. ಗಾಡಿ ವಾಲಿದ್ದರೂ ಇಂಥ ಫ್ರಿಜ್ ಸರಿಯಾಗಿ ತಣ್ಣಗಾಗುವುದಿಲ್ಲ, ಆದರೆ ನಮ್ಮದು ವಾಲಿಲ್ಲ, ರಸಮಟ್ಟ ಇಟ್ಟು ನೋಡಿದ್ದೇನೆ.

ಬರ್ನರ್‌ಗೆ ಗ್ಯಾಸ್ ಬಿಡುವ ಪುಟ್ಟ ಮೂತಿಗೆ ಜೆಟ್ ಅಂತಾರೆ. ಅದರ ತೂತು ಕೂದಲೆಳೆಯಷ್ಟು. ಪಿನ್ ಚುಚ್ಚಿದರೆ ತೂತು ದೊಡ್ಡದಾಗುತ್ತದೆ ಅಂತ ಸ್ಪಿರಿಟ್‌ನಲ್ಲಿ ಸುಮ್ನೆ ನೆನೆಹಾಕಿದ್ದೇನೆ. ಅಷ್ಟು ಸಾಕಾ, ಹೊಸ ಜೆಟ್ಟೇ ಹಾಕಬೇಕಾ? ಇಷ್ಟು ಹಳೇ ಮಾಡೆಲ್‌ಗೆ ಎಲ್ಲಿ ಸಿಗುತ್ತದೆ? ಇಂಥ ಫ್ರಿಜ್ ಬಿಚ್ಚಿ ಜೋಡಿಸಿದವರು ದಯವಿಟ್ಟು ತಿಳಿಸಿ. ಸೋರಿಕೆ ಪರೀಕ್ಷೆಯನ್ನು ಗ್ಯಾಸ್ ಸೇಫ್ (ಇಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರ ಕೈಲೇ ಮಾಡಿಸುತ್ತೇನೆ. ಅಲ್ಲಿವರೆಗೆ ಮತ್ತೆ ಹಚ್ಚುವುದಿಲ್ಲ.