ತಂದೆಯ ರಜೆ, ಎರಡನೆಯ ಪೋಷಕರ ರಜೆ: ಕಾರ್ಮಿಕ ಕಾನೂನಿನ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಮೊದಲ ಮಗು ಎರಡು ತಿಂಗಳಲ್ಲಿ ಹುಟ್ಟಲಿದೆ. ರಜೆ ಕೇಳಿದಾಗ ಮೇಲಧಿಕಾರಿಯವರು, ‘ಹೆರುವವರು ನಿಮ್ಮ ಪತ್ನಿ ತಾನೆ, ಬೇಕಿದ್ದರೆ ವಾರ್ಷಿಕ ರಜೆಯಲ್ಲೇ ನಾಲ್ಕು ದಿನ ಹಾಕಿಕೊಳ್ಳಿ’ ಎಂದರು. ತಂದೆಯ ರಜೆ ನಮ್ಮ ಹಕ್ಕೋ, ಉದ್ಯೋಗದಾತರ ಔದಾರ್ಯವೋ?

ಉತ್ತರ: ಅದು ನಿಮಗೆ ಅನ್ವಯಿಸುವ ಕಾನೂನನ್ನು ಅವಲಂಬಿಸಿದೆ. ಹೆರಿಗೆ ರಜೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ನೇ ಇಸವಿಯ ಒಡಂಬಡಿಕೆಯು ಕನಿಷ್ಠ 14 ವಾರಗಳನ್ನು ಗೊತ್ತುಮಾಡಿದೆ. ತಂದೆಯ ರಜೆಗೆ ಅಂಥ ಅಳತೆಗೋಲನ್ನು ಯಾವ ಒಡಂಬಡಿಕೆಯೂ ಹಾಕಿಕೊಟ್ಟಿಲ್ಲವಾದ್ದರಿಂದ ದೇಶದಿಂದ ದೇಶಕ್ಕೆ ಅಜಗಜಾಂತರವಿದೆ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನವು (ಸದಸ್ಯ ದೇಶಗಳು ತಮ್ಮ ಕಾನೂನಿನಲ್ಲಿ ಅಳವಡಿಸಿಕೊಳ್ಳಬೇಕಾದ ನಿಯಮ) ಮಗು ಹುಟ್ಟಿದ ಸಂದರ್ಭದಲ್ಲಿ ತಂದೆಗೆ 10 ಕೆಲಸದ ದಿನಗಳ ರಜೆಯನ್ನು ಹಕ್ಕಾಗಿಯೇ ಕೊಡುತ್ತದೆ, ಮತ್ತು ಇಷ್ಟು ತಿಂಗಳು ಸೇವೆ ಸಲ್ಲಿಸಿರಬೇಕೆಂಬ ಷರತ್ತನ್ನು ಆ ರಜೆಗೆ ಒಡ್ಡುವಂತಿಲ್ಲ. ಭಾರತದಲ್ಲಾದರೆ ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನಗಳ ಪಿತೃತ್ವ ರಜೆಯಿದೆ. ಖಾಸಗಿ ವಲಯಕ್ಕೆ ಇಂಥ ಕೇಂದ್ರ ಕಾನೂನಿಲ್ಲದ ಕಾರಣ ಅಲ್ಲಿ ನೇಮಕಾತಿ ಕರಾರು ಮತ್ತು ಸಂಸ್ಥೆಯ ನಿಯಮಾವಳಿಗಳೇ ಆಧಾರ.

ಆದ್ದರಿಂದ ಮೇಲಧಿಕಾರಿಯ ಬಾಯಿಮಾತನ್ನು ಕೊನೆಯ ತೀರ್ಮಾನವೆಂದು ಒಪ್ಪಬೇಡಿ. ಕಾನೂನು ಅಥವಾ ಕರಾರು ಪಿತೃತ್ವ ರಜೆಯನ್ನು ಪ್ರತ್ಯೇಕವಾಗಿ ಹೇಳಿದ್ದರೆ ಅದನ್ನು ವಾರ್ಷಿಕ ರಜೆಯಿಂದ ಕಳೆಯಲು ಬರುವುದಿಲ್ಲ. ಹೆರಿಗೆಯ ಅಂದಾಜು ದಿನಾಂಕವನ್ನೂ ಬೇಕಾದ ದಿನಗಳನ್ನೂ ನಮೂದಿಸಿ ಲಿಖಿತ ಅರ್ಜಿ ಕೊಡಿ, ಲಿಖಿತ ಉತ್ತರವನ್ನೇ ಕೇಳಿ. ಮುಂಚಿತವಾಗಿ ತಿಳಿಸಬೇಕಾದ ಗಡುವು ತಪ್ಪಿತೆಂಬ ಕಾರಣಕ್ಕೇ ನ್ಯಾಯವಾದ ಹಕ್ಕನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅದು ನನಗೆ ಇಂದಿಗೂ ಬೇಸರದ ಸಂಗತಿ.

ಮರುಪ್ರಶ್ನೆ: ಪಿತೃತ್ವ ರಜೆ ಮುಗಿದ ಮೇಲೆ ಸಿಗುವ ದೀರ್ಘಾವಧಿಯ ಪೋಷಕ ರಜೆಯನ್ನು ಪೂರ್ತಿಯಾಗಿ ಪತ್ನಿಗೇ ಬಿಟ್ಟುಕೊಡಬಹುದೇ?

ಉತ್ತರ: ಕೆಲವು ದೇಶಗಳಲ್ಲಿ ಒಂದು ಭಾಗವನ್ನು ಬಿಟ್ಟುಕೊಡಬಹುದು, ಆದರೆ ಬಿಟ್ಟುಕೊಡದಿರಿ ಎಂಬುದೇ ನನ್ನ ಸಲಹೆ. ಸ್ವೀಡನ್ 1974ರಲ್ಲಿಯೇ ತಾಯಿ ತಂದೆ ಇಬ್ಬರಲ್ಲಿ ಯಾರಾದರೂ ಪಡೆಯಬಹುದಾದ ವೇತನಸಹಿತ ಪೋಷಕ ರಜೆಯನ್ನು ತಂದಿತು, ಆದರೂ ವರ್ಷಗಟ್ಟಲೆ ಅದನ್ನು ಬಹುಪಾಲು ತಾಯಂದಿರೇ ಬಳಸಿದರು. ನಾರ್ವೆ 1993ರಲ್ಲಿ ನಾಲ್ಕು ವಾರಗಳನ್ನು ತಂದೆಗೆಂದೇ ಮೀಸಲಿಟ್ಟು, ಆತ ಬಳಸದಿದ್ದರೆ ಸಾಮಾನ್ಯವಾಗಿ ಆ ವಾರಗಳು ಕುಟುಂಬದ ಕೈತಪ್ಪುತ್ತವೆ ಎಂದು ವಿಧಿಸಿದ ಬಳಿಕ ರಜೆ ಪಡೆಯುವ ತಂದೆಯರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಬಹುವಾಗಿ ಏರಿತು. ಸ್ವೀಡನ್ನಿನಲ್ಲಿಯೂ ಈಗ ಒಟ್ಟು 480 ದಿನಗಳಲ್ಲಿ ತಲಾ 90 ದಿನಗಳು ಪ್ರತಿ ಪೋಷಕರಿಗೆ ಮೀಸಲಾಗಿವೆ. ವರ್ಗಾಯಿಸಬಹುದಾದ ರಜೆಯನ್ನು ಕಚೇರಿಯೂ ಬಂಧುಗಳೂ ತಾಯಿಯ ಕಡೆಗೇ ದೂಡುತ್ತಾರೆ. ವರ್ಗಾಯಿಸಲಾಗದ ರಜೆಯನ್ನು ಕೇಳುವ ತಂದೆಗೆ ಯಾರಿಗೂ ಸಮಜಾಯಿಷಿ ಕೊಡಬೇಕಾದ ಪ್ರಮೇಯ ಬರುವುದಿಲ್ಲ.

ವೇತನದ ವಿಷಯವನ್ನು ಬೇರೆಯಾಗಿಯೇ ವಿಚಾರಿಸಿ. ರಜೆಯ ಹಕ್ಕಿದ್ದೂ ಸಂಬಳವಿಲ್ಲದಿರುವುದು ಅಪರೂಪವಲ್ಲ.

ಮತ್ತೊಬ್ಬ ಮಹಿಳೆಯ ಪ್ರಶ್ನೆ: ಮಗುವನ್ನು ಹೆರಲಿರುವವರು ನನ್ನ ಸಂಗಾತಿ, ಆಕೆಯೂ ಮಹಿಳೆ. ನಾನು ‘ತಂದೆ’ ಎಂಬ ಪದದೊಳಗೆ ಬರುವುದಿಲ್ಲ. ನನಗೆ ಏನಾದರೂ ಉಳಿದಿದೆಯೇ?

ಉತ್ತರ: ಕಾನೂನಿನ ಪಠ್ಯದಲ್ಲಿ ಯಾವ ಪದವಿದೆ ಎಂಬುದನ್ನು ಮೊದಲು ನೋಡಿ. ನಾನು ಹೇಳಿದ ಐರೋಪ್ಯ ನಿರ್ದೇಶನವು ತಂದೆಯ ಜೊತೆಗೆ ‘ತತ್ಸಮಾನ ಎರಡನೆಯ ಪೋಷಕ’ರನ್ನೂ ಸೇರಿಸುತ್ತದೆ, ಮದುವೆಯಾಗಿರಬೇಕೆಂದು ಕೇಳುವುದಿಲ್ಲ, ಆದರೆ ಆಯಾ ದೇಶದ ಕಾನೂನು ಅಂಥವರನ್ನು ಗುರುತಿಸಿದ್ದರೆ ಮಾತ್ರ ಆ ಹಕ್ಕು ಸಿಗುತ್ತದೆ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ. ಜನನ ನೋಂದಣಿಯಲ್ಲಿ ನಿಮ್ಮ ಹೆಸರು ಪೋಷಕರಾಗಿ ಸೇರುವುದೇ, ಇಲ್ಲವಾದರೆ ದತ್ತು ಆದೇಶ ಪಡೆಯಬೇಕೇ ಎಂಬುದನ್ನು ಹೆರಿಗೆಗೆ ಮುನ್ನವೇ ಇತ್ಯರ್ಥಪಡಿಸಿಕೊಳ್ಳಿ, ಏಕೆಂದರೆ ರಜೆಯ ಅವಧಿ ಸಾಮಾನ್ಯವಾಗಿ ಜನನದ ದಿನದಿಂದಲೇ ಎಣಿಕೆಯಾಗುತ್ತದೆ, ಕಾಗದಪತ್ರಗಳು ತಡವಾದರೆ ಅದು ಕಾಯುವುದಿಲ್ಲ. ರಾತ್ರಿಯಿಡೀ ಮಗುವನ್ನು ಎತ್ತಿಕೊಂಡು ಕೂರುವವರಿಗೆ ಕಾನೂನಿನಲ್ಲಿ ಒಂದು ಹೆಸರಾದರೂ ಇರಬೇಕೆಂದು ನಾನು ಮನಸಾರೆ ನಂಬಿದ್ದೇನೆ.

ಕೊನೆಯ ಪ್ರಶ್ನೆ: ರಜೆ ಕೇಳಿದ್ದಕ್ಕೆ ಕೆಲಸದಿಂದ ತೆಗೆದರೆ?

ಉತ್ತರ: ಅದೇ ನಿರ್ದೇಶನದ ಪ್ರಕಾರ, ರಜೆಗೆ ಅರ್ಜಿ ಹಾಕಿದ್ದಕ್ಕಾಗಲಿ ರಜೆ ಪಡೆದದ್ದಕ್ಕಾಗಲಿ ವಜಾ ಮಾಡುವುದು ನಿಷಿದ್ಧ, ಹಾಗೆ ಶಂಕಿಸಲು ಆಧಾರವಿದ್ದರೆ ಕಾರಣ ಬೇರೆಯದೆಂದು ರುಜುವಾತುಪಡಿಸುವ ಹೊಣೆ ಉದ್ಯೋಗದಾತರದ್ದು. ನಿಮ್ಮ ಅರ್ಜಿಯ ಪ್ರತಿ, ಅದು ತಲುಪಿದ ದಿನಾಂಕ ಮತ್ತು ಅದಕ್ಕೆ ಹಿಂದಿನ ಕಾರ್ಯಮೌಲ್ಯಮಾಪನದ ವರದಿಗಳನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.